ಹೊಲದ ಬಾಗಿಲು

ಶಹಾಬಾದದಲ್ಲಿ ಸಂಸಾರ ಮಾಡಿದ ಹೆಂಗಸಿಗೆ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲು ಕಡಿಯುವ ಊರು, ಕಲ್ಲು ಹೇರಿದ ಲಾರಿಗಳು ಓಡಾಡುವ ಊರು. ತೆರೆದರೆ ಧೂಳು, ಮುಚ್ಚಿದರೆ ಧಗೆ. ಈ ಎರಡರ ನಡುವೆ ನಮ್ಮ ದಿನ ಸಾಗುತ್ತದೆ. ನಾನು ಹುಟ್ಟಿದ್ದೂ ಇಲ್ಲೇ, ನನ್ನನ್ನು ಕೊಟ್ಟಿದ್ದೂ ಇಲ್ಲೇ. ತವರಿಗೂ ನನ್ನ ಮನೆಗೂ ನಡುವೆ ಇರುವುದು ಒಂದು ರೇಲ್ವೆ ಲೈನು ಮಾತ್ರ.

ನಮ್ಮವ್ವ ಈ ಬಾಗಿಲಿನ ಬಗ್ಗೆ ಒಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದಳು. ನಸುಕಿನಲ್ಲಿ ಮುಂದಿನದು ಹಿಂದಿನದು ಎರಡೂ ತೆರೆ. ಹೊತ್ತೇರಿ ಲಾರಿಗಳು ಶುರುವಾದೊಡನೆ ಮುಂದಿನದು ಮುಚ್ಚು. ಮಧ್ಯಾಹ್ನ ಎರಡೂ ಮುಚ್ಚಿ ಪರಸಿ ನೆಲಕ್ಕೆ ಒದ್ದೆ ಅರಿವೆ ಎಳೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ತೆರೆ. ಒರೆಸಿದ ನೆಲ ಕಣ್ಣೆದುರಿಗೇ ಒಣಗುತ್ತಿತ್ತು. ಆ ಒದ್ದೆ ಅಂಚು ಹಿಂದೆ ಹಿಂದೆ ಸರಿಯುವುದನ್ನು ನೋಡುತ್ತ ಕೂತಿದ್ದ ನಾನು ಒಮ್ಮೆ, "ನೀರ ಎಲ್ಲಿ ಹೋಯ್ತವ್ವ?" ಎಂದು ಕೇಳಿದ್ದೆ. "ಮ್ಯಾಲ ಹೋಯ್ತು. ಹೋಗುವಾಗ ಬಿಸಿ ತಗೊಂಡು ಹೋಗ್ತದ" ಎಂದಿದ್ದಳು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ.

ಆ ಮಾತು ಮತ್ತೆ ನೆನಪಾದದ್ದು 2016ರಲ್ಲಿ. ಆ ವರ್ಷ ಪಂಚಮಿಗೆಂದು ತವರಿಗೆ ಹೋದಾಗ ಅಣ್ಣ ಉಂಡಿಯ ತಾಟಿನ ಪಕ್ಕದಲ್ಲೇ ಒಂದು ಕಾಗದ ತಂದಿಟ್ಟ. ಕಾಗಿಣಾ ನದಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದು ನಾಲ್ಕು ಎಕರೆ ಎರೆಭೂಮಿ. ಮೇಲೆ ಕರಿ ಮಣ್ಣು, ಕೆಳಗೆ ಪದರು ಪದರಾಗಿ ಪರಸಿ. ಅದನ್ನು ಕಲ್ಲಿನ ಖಣಿಗೆ ಕೊಡುವುದೆಂದು ಅವನು ಮನಸ್ಸು ಮಾಡಿದ್ದ. ಅಪ್ಪ ತೀರಿಕೊಂಡ ಮೇಲೆ ಹೊಲದಲ್ಲಿ ನನ್ನದೂ ಹಕ್ಕಿತ್ತು. 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ಇಡೀ ದೇಶದಲ್ಲಿ ಹಿಂದೂ ವಾರಸಾ ಕಾಯಿದೆಗೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಪಾಲು ಬಂದಿದೆಯಲ್ಲ, ಹಾಗೆ. ಅದು ನನಗೆ ಗೊತ್ತಿತ್ತಾದರೂ ಗೊತ್ತಿಲ್ಲದವಳ ಹಾಗೆ ಇದ್ದೆ. ತವರಿನ ಬಾಗಿಲು ತೆರೆದಿರಬೇಕಾದರೆ ಪಾಲಿನ ಮಾತು ಎತ್ತಬಾರದು ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ನಿಮಗೂ ಗೊತ್ತಿರಬೇಕು.

"ಸಹಿ ಮಾಡು, ಐದು ವರ್ಷದಿಂದ ಹೊಲ ಏನ್ ಕೊಟ್ಟದ? ಲೆಕ್ಕ ಬರ್ದಿಟ್ಟೀನಿ, ನೋಡ್ತೀಯೇನು?" ಎಂದ ಅಣ್ಣ. ಅವನ ಮಾತು ಸುಳ್ಳಲ್ಲ. ಒಂದು ವರ್ಷ ಮಳೆ ಇಲ್ಲ, ಇನ್ನೊಂದು ವರ್ಷ ತೊಗರಿಗೆ ಹುಳ, ಮತ್ತೊಂದು ವರ್ಷ ಬೆಳೆ ಬಂದರೆ ಬೆಲೆ ಇಲ್ಲ. ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅವಳ ಫೀಸು, ಹಾಸ್ಟೆಲ್ಲು, ಊಟ. ಅಣ್ಣನ ವಹಿಯಲ್ಲಿ ಹೊರಗೆ ಹೋದ ಸಾಲುಗಳು ಉದ್ದ, ಒಳಗೆ ಬಂದ ಸಾಲುಗಳು ಗಿಡ್ಡ. ನಾನು, "ದೀಪಾವಳಿ ಆಗಲಿ, ನೋಡೋಣ" ಎಂದು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ತುಳಸಿ ಲಗ್ನ ಮುಗಿದು ಲಗ್ನಗಳ ಹಂಗಾಮು ಶುರುವಾಯಿತು. ಧಾರವಾಡದಲ್ಲಿ ನಮ್ಮ ಬೀಗರ ಕಡೆಯ ಒಂದು ಲಗ್ನ. ಕಲಬುರಗಿಯಿಂದ ರಾತ್ರಿ ಬಸ್ಸು ಹಿಡಿದು ಹೋದೆ. ನನ್ನ ಅಕ್ಷರ ನೆಟ್ಟಗಿವೆ ಎಂಬ ಕಾರಣಕ್ಕೆ ಬಾಗಿಲ ಬಳಿ ಕೂಡಿಸಿ ಮುಯ್ಯಿ ಬರೆಯುವ ಕೆಲಸ ಹಚ್ಚಿದರು. ಒಳಗೆ ಏನು ನಡೆಯಿತೋ, ಅಕ್ಕಿಕಾಳು ಯಾವಾಗ ಬಿತ್ತೋ ನಾನು ನೋಡಲಿಲ್ಲ. ಬರುವವರ ಕೈಯಲ್ಲಿ ಏನಿತ್ತು, ಹೋಗುವವರ ಕೈಯಲ್ಲಿ ಏನು ಹೋಯಿತು, ಅಷ್ಟೇ ಬರೆದೆ. ಸಂಜೆ ಲೆಕ್ಕ ಕೂಡಿಸಿದರೆ ಒಳಮನೆಯಲ್ಲಿ ಎಷ್ಟು ಸೀರೆ, ಎಷ್ಟು ಪಾತ್ರೆ ಉಳಿದಿವೆ ಎಂಬುದು ಒಳಗೆ ಹೋಗದೆಯೇ ನನಗೆ ಗೊತ್ತಾಗಿತ್ತು.

ಮರುದಿನ ಅಣ್ಣನ ಮಗಳು ಬಂದು, "ಬಾ ಅತ್ತಿ, ನಿನಗೊಂದು ತೋರಿಸ್ತೀನಿ" ಎಂದು ವಿಶ್ವವಿದ್ಯಾಲಯದ ಹೊಲಗಳ ಕಡೆ ಕರೆದುಕೊಂಡು ಹೋದಳು. ಹೊಲದಲ್ಲಿ ಒಂದು ಕಂಬ. ನೋಡಿದೊಡನೆ ನನಗೆ ನಿರಾಸೆಯೇ ಆಯಿತು. ಕಂಬದ ಮೇಲೆ ಮೂರು ಜೊತೆ ಕಡ್ಡಿಗಳು ಒಂದಕ್ಕೊಂದು ಮುಖ ಮಾಡಿಕೊಂಡಿದ್ದವು, ಪಕ್ಕದಲ್ಲಿ ಒಂದು ಸಣ್ಣ ಕೊಳವೆ, ಕೆಳಗೆ ಒಂದು ಪೆಟ್ಟಿಗೆ. ಇದನ್ನು ನೋಡಲು ಇಷ್ಟು ಬಿಸಿಲಲ್ಲಿ ಬರಬೇಕಿತ್ತೇ ಎನಿಸಿತು.

"ಇದೇನವಾ?"

"ಹೊಲದ ಉಸಿರು ಅಳಿಯೋ ಕಂಬ. ನಿನ್ನೆ ನೀ ಬಾಗಿಲದಾಗ ಕುಂತು ಮುಯ್ಯಿ ಬರ್ದಿಯಲ್ಲ, ಇದೂ ಅದೇ ಕೆಲಸ ಮಾಡ್ತದ" ಎಂದಳು ಹುಡುಗಿ.

ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಹೊಲದ ಮೇಲೆ ಗಾಳಿ ಚಾಪೆ ಹಾಸಿದ ಹಾಗೆ ಸಪಾಟಾಗಿ ಹರಿಯುವುದಿಲ್ಲ. ಸುಳಿಸುಳಿಯಾಗಿ, ಮೇಲಕ್ಕೂ ಕೆಳಕ್ಕೂ ಉರುಳುತ್ತ ಬರುತ್ತದೆ. ಒಂದು ಸುಳಿ ಮೇಲಿನ ಗಾಳಿಯನ್ನು ಬೆಳೆಯ ತನಕ ಇಳಿಸುತ್ತದೆ, ಇನ್ನೊಂದು ಬೆಳೆಯನ್ನು ಸವರಿಕೊಂಡ ಗಾಳಿಯನ್ನು ಮೇಲಕ್ಕೆ ಒಯ್ಯುತ್ತದೆ. ಆ ಕಡ್ಡಿಗಳ ನಡುವೆ ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಶಬ್ದ ಅತ್ತಿಂದಿತ್ತ ಓಡಾಡುತ್ತಿರುತ್ತದೆ. ಗಾಳಿ ಎದುರಾದರೆ ಶಬ್ದ ತಡವಾಗಿ ಮುಟ್ಟುತ್ತದೆ, ಜೊತೆಯಾದರೆ ಬೇಗ ಮುಟ್ಟುತ್ತದೆ. ಅದರಿಂದ ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುತ್ತದೆ. ಪಕ್ಕದ ಸಾಧನ ಅದೇ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು, ನೀರಾವಿ ಎಷ್ಟು ಎಂದು ನೋಡುತ್ತದೆ. ಇದೆಲ್ಲ ಸೆಕೆಂಡಿಗೆ ಹತ್ತು ಇಪ್ಪತ್ತು ಸಲ, ಹಗಲು ರಾತ್ರಿ! ನಾನು ಇಡೀ ದಿನ ಕೂತು ಬರೆದದ್ದನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದು ಮುಗಿಸುತ್ತದೆ. ಅರ್ಧ ಗಂಟೆಗೊಮ್ಮೆ ಎಲ್ಲವನ್ನೂ ಕೂಡಿಸಿ ಕಳೆದು, ಹೊಲ ಎಷ್ಟು ಒಳಗೆ ತೆಗೆದುಕೊಂಡಿತು, ಎಷ್ಟು ಹೊರಗೆ ಬಿಟ್ಟಿತು ಎಂದು ಲೆಕ್ಕ ಹಾಕುತ್ತಾರೆ.

ಹಗಲಲ್ಲಿ ಬಿಸಿಲಿದ್ದಾಗ ಬೆಳೆ ಇಂಗಾಲವನ್ನು ಹೀರಿಕೊಳ್ಳುತ್ತದೆ, ಮೇಲೇಳುವ ಸುಳಿಯಲ್ಲಿ ಅದು ತುಸು ಕಡಿಮೆ ಇರುತ್ತದೆ. ರಾತ್ರಿ ಗಿಡ, ಬೇರು, ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ಎಲ್ಲವೂ ಉಸಿರು ಹೊರಗೆ ಬಿಡುತ್ತವೆ. ಒಣಗಿ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದಾಗಲಂತೂ ಮಣ್ಣಿನ ಜೀವಿಗಳು ಒಮ್ಮೆಲೇ ಎಚ್ಚೆತ್ತು ಉಸಿರಾಟ ಭರದಿಂದ ಏರುತ್ತದೆಯಂತೆ. ನಾವು ವಾಸನೆ ಹಿಡಿದು ಹಿಗ್ಗುತ್ತೇವಲ್ಲ, ಅದೇ ಹೊತ್ತಿಗೆ ನೆಲ ಒಂದು ದೊಡ್ಡ ನಿಟ್ಟುಸಿರು ಬಿಡುತ್ತಿರುತ್ತದೆ.

"ಮತ್ತ ನೀರು?" ಎಂದೆ.

ಹುಡುಗಿ ಒಂದು ಎಲೆ ಹರಿದು ಕೈಗೆ ಕೊಟ್ಟಳು. ಎಲೆಯ ಮೈತುಂಬ ಸೂಜಿಮೊನೆಗಿಂತ ಸಣ್ಣ ಕಿಂಡಿಗಳಿವೆ. ಪತ್ರರಂಧ್ರ ಎಂದು ನಾವೂ ಶಾಲೆಯಲ್ಲಿ ಓದಿ ಮರೆತಿದ್ದೇವೆ. ಇಂಗಾಲ ಒಳಗೆ ಬರಬೇಕಾದರೆ ಕಿಂಡಿ ತೆರೆಯಬೇಕು. ಕಿಂಡಿ ತೆರೆದರೆ ಒಳಗಿನ ನೀರು ಹಾರಿಹೋಗುತ್ತದೆ. ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಆದರೆ ಊಟವಿಲ್ಲ. ಒಂದನ್ನು ಬಿಟ್ಟು ಒಂದಿಲ್ಲ. ಇದನ್ನು ಕೇಳಿ ನನಗೆ ನಗೆಯೇ ಬಂತು. ತೆರೆದರೆ ಧೂಳು, ಮುಚ್ಚಿದರೆ ಧಗೆ ಎಂದು ಜೀವಮಾನವೆಲ್ಲ ಬಾಗಿಲ ಹತ್ತಿರ ಏಗಿದ ನಮ್ಮವ್ವನ ಪಾಡೇ ಗಿಡದ ಪಾಡು! ನಮ್ಮ ಜೋಳ ಈ ಸಂಸಾರದಲ್ಲಿ ಬಹಳ ಜಾಣೆ. ಅದರ ಎಲೆಯೊಳಗೆ ಇಂಗಾಲ ಹಿಡಿಯುವ ಏರ್ಪಾಡೇ ಬೇರೆ. ಕಿಂಡಿ ಕಡಿಮೆ ತೆರೆದರೂ ಬೇಕಾದಷ್ಟು ಹಿಡಿದುಕೊಳ್ಳುತ್ತದೆ. ಬಿಸಿಲು ಹೆಚ್ಚಾದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ತೊಗರಿಗೆ ಆ ಏರ್ಪಾಡಿಲ್ಲ, ಅದು ಬೇರನ್ನು ಆಳಕ್ಕೆ ಇಳಿಸಿ ಬದುಕುತ್ತದೆ. ಹಿಂಗಾರಿ ಜೋಳ ಮಳೆ ನಿಂತ ಮೇಲೆ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ತೆನೆ ಕಟ್ಟುತ್ತದಲ್ಲ, ಆ ಚಮತ್ಕಾರದ ಗುಟ್ಟು ಇದರಲ್ಲಿದೆ.

ಮೇಲೆ ಹೋದ ನೀರು ಬಿಸಿಯನ್ನೂ ಒಯ್ಯುತ್ತದೆ ಎಂದು ಅವಳು ಹೇಳಿದಾಗ ನನಗೆ ಅವ್ವನ ಮಾತು ನೆನಪಾಯಿತು. ಒಲೆಯ ಮುಂದೆ ನಿಲ್ಲುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋಗಾಣಿಯ ನೀರು ಕುದಿ ಬರುವುದು ಬೇಗ, ಆದರೆ ಪೂರಾ ಬತ್ತಲು ಎಷ್ಟು ಹೊತ್ತು! ಮಂಜಿನಷ್ಟು ತಣ್ಣಗಿನ ನೀರನ್ನು ಕುದಿಯುವ ತನಕ ಕಾಯಿಸಲು ಬೇಕಾಗುವ ಶಾಖಕ್ಕಿಂತ, ಆ ಕುದಿನೀರು ಆವಿಯಾಗಿ ಮುಗಿಯಲು ಐದು ಪಟ್ಟಿಗೂ ಹೆಚ್ಚು ಶಾಖ ಬೇಕು. ಬೆಳೆ ನಿಂತ ಹೊಲ ಅಷ್ಟು ಶಾಖವನ್ನು ನೀರಾವಿಯ ಜೊತೆ ಮೇಲೆ ಕಳಿಸುತ್ತದೆ. ಬೋಳು ಕಲ್ಲಿಗೆ ಕಳಿಸಲು ನೀರೇ ಇಲ್ಲ. ಅದು ಕಾಯುತ್ತದೆ, ಮೇಲಿನ ಗಾಳಿಯನ್ನೂ ಕಾಯಿಸುತ್ತದೆ.

ಆ ಕಂಬ ಅಲ್ಲಿಗೆ ಬಂದದ್ದು ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸೇರಿ ಮಾಡಿದ 'ಇನ್‌ಕಂಪಾಸ್' ಎಂಬ ಯೋಜನೆಯಿಂದ. ನೆಲದ ತೇವ ಮಳೆಗಾಲದ ಗಾಳಿಯ ಮೇಲೆ ಏನು ಮಾಡುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. 2016ರ ಮುಂಗಾರಿನಲ್ಲಿ ವಿಮಾನದಲ್ಲಿ ಹಾರಾಡಿ ಮೇಲಿನಿಂದ ಅಳೆದರು. ಕೆಳಗಿನಿಂದ ಅಳೆಯಲು ಮೂರು ಕಡೆ ಇಂಥ ಕಂಬ: ಮಳೆ ನಂಬಿದ ಧಾರವಾಡದಲ್ಲಿ ಒಂದು, ಗುಂಡ್ಲುಪೇಟೆ ತಾಲ್ಲೂಕಿನ ಬೋರ್‌ವೆಲ್ ಬೇಸಾಯದ ಬೇರಂಬಾಡಿಯಲ್ಲಿ ಒಂದು, ದೂರದ ಕಾನ್ಪುರದಲ್ಲಿ ಒಂದು. ಹೊಲದಿಂದ ಮೇಲೆ ಹೋದ ನೀರು ಮುಂದೆ ಯಾರದೋ ಊರಿನ ಮೋಡಕ್ಕೆ ಕೂಡಿಕೊಳ್ಳುತ್ತದೆ ಎನ್ನುವುದು ನನಗೆ ಬಹಳ ಹಿಡಿಸಿತು.

ಗಾಳಿಯ ಈ ಲೆಕ್ಕ ಶುರುವಾಗಿ ಬಹಳ ವರ್ಷವಾಗಿದೆ. 1958ರಲ್ಲಿ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಇಂಗಾಲದ ಡೈಆಕ್ಸೈಡ್ ಅಳೆಯತೊಡಗಿದಾಗ ಅದು ಗಾಳಿಯ ಹತ್ತು ಲಕ್ಷ ಪಾಲಿಗೆ ಸುಮಾರು 315 ಪಾಲಿತ್ತು. ಈಗ 420 ದಾಟಿದೆ. ಮನುಷ್ಯರು ಹೊರಗೆ ಬಿಟ್ಟದ್ದರಲ್ಲಿ ಸುಮಾರು ಅರ್ಧ ಮಾತ್ರ ಗಾಳಿಯಲ್ಲಿ ಉಳಿದಿದೆ. ಉಳಿದರ್ಧವನ್ನು ಸಮುದ್ರ ಮತ್ತು ನೆಲದ ಗಿಡಮರಗಳು ನುಂಗಿಕೊಂಡಿವೆ. ಆದರೆ ಯಾವ ಕಾಡು ಎಷ್ಟು, ಯಾವ ಹೊಲ ಎಷ್ಟು? ಬೆಟ್ಟದ ಮೇಲೆ ನಿಂತರೆ ಊರಿನ ಒಟ್ಟು ಹೊಗೆ ಕಾಣುತ್ತದೆ, ಯಾರ ಮನೆಯ ಒಲೆ ಎಂದು ಕಾಣುವುದಿಲ್ಲ. ಅದಕ್ಕೇ 1990ರ ದಶಕದಿಂದ ಈಚೆಗೆ ದೇಶದೇಶಗಳ ಕಾಡು ಹೊಲಗಳಲ್ಲಿ ಇಂಥ ಕಂಬಗಳು ಎದ್ದಿವೆ.

ನಮ್ಮ ದೇಶದಲ್ಲಿ ಹವಾಮಾನದ ಸಾಧನಗಳ ಮಾತು ಬಂದರೆ ನೆನೆಯಬೇಕಾದ ಹೆಸರು ಒಬ್ಬ ಹೆಂಗಸಿನದೇ, ಅಣ್ಣಾ ಮಣಿಯವರದು. 1918ರಲ್ಲಿ ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಕೈಕೆಳಗೆ ಕೆಲಸ ಮಾಡಿ, 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ನೆಲಕ್ಕೆ ಬೀಳುವ ಬಿಸಿಲನ್ನು ಅಳೆಯುವ ಕೇಂದ್ರಗಳನ್ನು ದೇಶದಲ್ಲಿ ಕಟ್ಟಿದವರು ಅವರು. ಬಿಸಿಲು ಎಷ್ಟು ಬಂತು ಎಂಬುದೇ ತಿಳಿಯದಿದ್ದರೆ ಹೊಲದ ಉಸಿರಿನ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ನಿದ್ದೆ ಬರಲಿಲ್ಲ. ಹಾಗಾದರೆ ನಮ್ಮೂರಿನ ಲೆಕ್ಕವೇನು? ನಮ್ಮ ಕಾಲಕೆಳಗಿನ ಪರಸಿ ಸುಣ್ಣದ ಕಲ್ಲು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತದ್ದು. ಇಂಗಾಲ ಆ ಕಲ್ಲಿನೊಳಗೆ ಬೀಗ ಹಾಕಿಕೊಂಡು ಕೂತಿದೆ. ಶುದ್ಧ ಸುಣ್ಣದ ಕಲ್ಲು ನೂರು ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ, ಗಾಳಿಗೆ ಹೋಗುವ ಇಂಗಾಲದ ಡೈಆಕ್ಸೈಡ್ 44 ಕಿಲೋ. ಇದರ ಮೇಲೆ ಸುಡುವ ಕಲ್ಲಿದ್ದಲಿನದು ಬೇರೆ. ಜಗತ್ತು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಸಿಮೆಂಟಿನಿಂದಲೇ ಊಟ ಮಾಡಿದ ಸೀಮೆ ನಮ್ಮದು. ವಾಡಿ, ಸೇಡಂ, ಎಲ್ಲಿ ನೋಡಿದರೂ ಅದೇ ಅನ್ನ. ದೂಷಿಸಲು ನನಗೆ ಬಾಯಿಲ್ಲ. ನನ್ನ ಮನೆಯ ಮಾಳಿಗೆಯೂ ಅದರದ್ದೇ. ಒಂದೇ ಸಮಾಧಾನವೆಂದರೆ ಅವ್ವ ಹಬ್ಬಕ್ಕೆ ಗೋಡೆಗೆ ಬಳಿಯುತ್ತಿದ್ದ ಸುಣ್ಣ. ಅದು ಒಣಗುತ್ತ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹಿಂದಕ್ಕೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಸುಡುವಾಗ ಕಲ್ಲಿನಿಂದ ಹೋದದ್ದಷ್ಟೇ ಮರಳಿ ಬರುತ್ತದೆ, ಉರುವಲಿನಿಂದ ಹೋದದ್ದು ಬರುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ಭಜ್ಜಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಜೋಳ ಎದೆಮಟ್ಟ ನಿಂತಿತ್ತು. ಚರಗ ಚೆಲ್ಲಿ ಉಂಡ ಮೇಲೆ ಅಣ್ಣ ಕಾಗದದ ಮಾತು ತೆಗೆದ. ನಾನು ಸಿದ್ಧವಾಗಿಯೇ ಹೋಗಿದ್ದೆ. "ಅಣ್ಣಾ, ನಿನ್ನ ವಹಿಯೊಳಗ ಹೊಲ ಒಳಗ ತಗೊಂಡಿದ್ದು ಪೂರಾ ಬರ್ದಿಲ್ಲ. ಬೇಕಾದ್ರ ನಿನ್ನ ಮಗಳನ್ನೇ ಕೇಳು" ಎಂದೆ.

ಅಣ್ಣ ಮಗಳ ಕಡೆ ತಿರುಗಿದ. "ಏನವಾ, ನಿನ್ನ ಕಂಬ ಏನ್ ಅಂತದ? ಹೊಲ ಲಾಭದಾಗ ಅದೇನು?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗ ಹೇಳ್ಲಿಕ್ಕೆ ಬರಂಗಿಲ್ಲಪ್ಪ. ಬೆಳಿ ಇದ್ದಾಗ ತಗೋತದ ಖರೆ. ಆದ್ರ ಜೋಳ ನಾವು ತಿಂತೀವಿ, ಕಣಿಕಿ ದನ ತಿಂತಾವ, ಅದು ಮತ್ತ ಉಸಿರಾಗಿ ಗಾಳಿಗೇ ಹೋಗ್ತದ. ವರ್ಷದ ಕೊನಿಗೆ ಉಳಿಯೋದು ಭಾಳ ಸಣ್ಣದು. ಒಮ್ಮೊಮ್ಮೆ ಏನೂ ಉಳಿಯಂಗಿಲ್ಲ" ಎಂದಳು.

ನನ್ನ ಮುಖ ಸಣ್ಣದಾಯಿತು. ನನ್ನ ಪರವಾಗಿ ಸಾಕ್ಷಿ ಹೇಳುತ್ತಾಳೆಂದು ನಂಬಿದ್ದ ಹುಡುಗಿ ಅಳತೆಯ ಪರವಾಗಿ ಹೇಳಿದ್ದಳು. ಈಗ ನೆನೆದರೆ ಅದು ಅವಳ ದೊಡ್ಡತನ ಎನಿಸುತ್ತದೆ. ಆ ಹೊತ್ತಿಗೆ ಸಿಟ್ಟೇ ಬಂದಿತ್ತು. ಅಣ್ಣನೂ ಗೆದ್ದವನ ಹಾಗೆ ಕಾಣಲಿಲ್ಲ, ಜೋಳದ ಕಡೆ ನೋಡುತ್ತ ಕೂತ.

ಅಷ್ಟರಲ್ಲಿ ಅವ್ವ ಬದುವಿನ ಆಚೆಗೆ ಕೈ ಮಾಡಿದಳು. ಅಲ್ಲಿ ಪಕ್ಕದವರು ಮೊದಲೇ ಕೊಟ್ಟಿದ್ದ ಹೊಲದ ಖಣಿ. ಅದರ ಅಂಚಿಗೆ ತೆಗೆದು ಚೆಲ್ಲಿದ ಕರಿಮಣ್ಣಿನ ಗುಡ್ಡೆ, ಅದರ ಮೇಲೆ ಜಾಲಿ ಬೆಳೆದಿತ್ತು. "ಮಣ್ಣ ತಗದು ಎಲ್ಲಿ ಇಡ್ತಾರ?" ಎಂದು ಕೇಳಿದಳು. ಅಣ್ಣನಿಗೆ ಅರ್ಥವಾಗಲಿಲ್ಲ. "ಕಲ್ಲಿನ ಮ್ಯಾಲಿನ ಮಣ್ಣಪ್ಪಾ. ನಿಮ್ಮಪ್ಪ ಹೆಂಡಿಗೊಬ್ಬರ ಹೊತ್ತು ಹಾಕಿದ ಮಣ್ಣ. ಅದರ ಲೆಕ್ಕ ಯಾರ ಬರ್ಕೊಂಡಾರ?"

ಯಾರೂ ಉತ್ತರ ಕೊಡಲಿಲ್ಲ. ಕಂಬ ಅಳೆಯುವುದು ಬಾಗಿಲಿನಲ್ಲಿ ಹೋಗಿ ಬರುವುದನ್ನು. ಮಣ್ಣು ಹೋದ ಮೇಲೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಲಾಭ ನಷ್ಟದ ಮಾತು ಮಣ್ಣಿದ್ದರೆ ತಾನೆ?

ಕಡೆಗೆ ಆದದ್ದು ಇಷ್ಟು. ದಾರಿಗೆ ಹತ್ತಿದ, ಮಣ್ಣು ತೆಳ್ಳಗಿದ್ದ ಎರಡು ಎಕರೆಗೆ ನಾನು ಸಹಿ ಮಾಡಿದೆ. ಹುಡುಗಿಯ ಓದು ನಿಲ್ಲಬಾರದಿತ್ತು, ಅಣ್ಣನ ಸಾಲವೂ ತೀರಬೇಕಿತ್ತು. ನದಿಯ ಕಡೆಯ ಎರಡು ಎಕರೆ ನನ್ನ ಪಾಲಿಗೆ ಇರಲಿ, ಉಳುವುದು ನೀನೇ ಉಳು ಎಂದೆ. ಬಾಯಿಬಿಟ್ಟು 'ನನ್ನ ಪಾಲು' ಎಂದದ್ದು ಜೀವನದಲ್ಲಿ ಅದೇ ಮೊದಲು. ವೈನಿ ಕೆಲವು ತಿಂಗಳು ಮಾತು ಕಡಿಮೆ ಮಾಡಿದರು. 2017ರ ಪಂಚಮಿಗೆ ಕರೆ ಬರುತ್ತದೋ ಇಲ್ಲವೋ ಎಂದು ದಿನಾ ರೇಲ್ವೆ ಲೈನಿನ ಕಡೆ ನೋಡುತ್ತಿದ್ದೆ. ಹಬ್ಬದ ಹಿಂದಿನ ಸಂಜೆ, ತಡವಾಗಿ, ಅಣ್ಣ ತಾನೇ ಬಂದು ಕರೆದ.

ಕೊಟ್ಟ ಎರಡು ಎಕರೆ ಈಗ ಒಂದು ಗುಂಡಿ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಅದರ ಅಂಚಿಗೆ ನಿಂತರೆ ಮುಖಕ್ಕೆ ಹೊಡೆಯುವ ಕಾವು. ಹತ್ತು ಹೆಜ್ಜೆ ಈಚೆ ಉಳಿದ ಹೊಲದಲ್ಲಿ ಒಂದು ವರ್ಷ ತೊಗರಿ, ಒಂದು ವರ್ಷ ಜೋಳ. ವಹಿಯಲ್ಲಿ ಇಂದಿಗೂ ಅದು ದೊಡ್ಡ ಲಾಭವನ್ನೇನೂ ತೋರಿಸುವುದಿಲ್ಲ. ಅವ್ವ 2021ರಲ್ಲಿ ಹೋದಳು.

ಈ ವರ್ಷ ಮೊದಲ ಮಳೆ ರಾತ್ರಿ ಬಂತು. ಮುಚ್ಚಿದ ಬಾಗಿಲ ಸಂದಿಯಿಂದಲೇ ಮಣ್ಣಿನ ವಾಸನೆ ಒಳಗೆ ಬಂದು ಎಚ್ಚರವಾಯಿತು. ಲೈನಿನ ಆಚೆ, ಕತ್ತಲಲ್ಲಿ, ನಮ್ಮ ಹೊಲ ಉಸಿರು ಬಿಡುತ್ತಿರಬೇಕು ಎಂದುಕೊಂಡೆ. ಎದ್ದು ಹೋಗಿ ಮುಂದಿನದು ಹಿಂದಿನದು ಎರಡೂ ಬಾಗಿಲು ತೆರೆದೆ. ಆ ಹೊತ್ತಿನಲ್ಲಿ ಧೂಳು ಇರಲಿಲ್ಲ.